ಕ್ಯಾಮೆರಾ ಗಾಡಿಯ ಚಾರ್ಜು

ಶಿವಯೋಗೆಪ್ಪನ ಫಜೀತಿ ಶುರುವಾದದ್ದು ತಾರವ್ವನ ಒಂದು ಮೊಬೈಲಿನಿಂದ.

ಬೀಳಗಿಯಾಚೆ ಹಿನ್ನೀರಿನ ದಂಡೆಯ ಬಯಲಿನಲ್ಲಿ ಏತ ನೀರಾವರಿಯ ಪೈಪುಗಳ ರಾಶಿ. ಕಾಯಲು ಅವನೊಬ್ಬ, ಜೊತೆಗೆ ಕಂಪನಿಯ ಕ್ಯಾಮೆರಾ ಗಾಡಿ. ನೆತ್ತಿಗೆ ಸೋಲಾರ್ ಹಲಗೆ, ಕಂಬದ ತುದಿಗೆ ಕ್ಯಾಮೆರಾ, ಹೊಟ್ಟೆಯೊಳಗೆ ಬ್ಯಾಟರಿ. ಬ್ಯಾಟರಿ ಐವತ್ತು ಪರ್ಸೆಂಟಿಗಿಂತ ಇಳಿಯದಂತೆ ನೋಡಿಕೊಳ್ಳುವುದೂ ಅವನದೇ ಕೆಲಸ. ಮೂರು ತಿಂಗಳು ಅವನು ಮಾತಾಡಿದ್ದು ಆ ಗಾಡಿಯೊಂದಿಗೇ. "ಉಂಡೇನಪಾ?" ಎಂದರೆ ಕ್ಯಾಮೆರಾ ಗೋಣು ತಿರುಗಿಸುತ್ತಿತ್ತು.

ಪಕ್ಕದ ವಸ್ತಿಯ ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟು ಹೋದಾಗ ಆಡು ಮೇಯಿಸುವ ತಾರವ್ವ ಬಂದಳು. "ಯಣ್ಣಾ, ಮಗಳು ಫೋನ್ ಮಾಡ್ತಾಳ, ಒಂದೀಟು ಚಾರ್ಜಿಗೆ ಹಚ್ಚು." ಹಚ್ಚಿದ. ಮರುದಿನ ಅವಳ ಹಿಂದೆ ರೇವಪ್ಪಜ್ಜ ಬಂದ. ವಾರದೊಳಗೆ ಗಾಡಿಗೆ ಹನ್ನೊಂದು ಮೊಬೈಲು, ಹಂದಿಗೆ ಮರಿ ಜೋತುಬಿದ್ದಂತೆ. ಚಾರ್ಜ್ ಆಗುವ ತನಕ ಜನ ಶೇಂಗಾ ಸುಲಿಯುತ್ತ ಹರಟುತ್ತಿದ್ದರು. ಶಿವಯೋಗೆಪ್ಪನಿಗೆ ಊಟ ರುಚಿಸತೊಡಗಿತು.

ಅಷ್ಟರಲ್ಲಿ ಮೋಡ ಕವಿಯಿತು. ಮೂರನೆಯ ದಿನ ಬೆಳಿಗ್ಗೆ ಗಾಡಿಯ ಬ್ಯಾಟರಿ ಅಂಕಿ ನಲವತ್ತಾರು. ಇಂಜಿನಿಯರ್ ಪ್ರಥಮೇಶ ಫೋನಿನಲ್ಲಿ ಕೇಳಿದರು, "ಬ್ಯಾಟ್ರಿ ಯಾಕ ಇಳ್ಯಾಕತ್ತೈತ್ರೀ?"

"ಮ್ವಾಡ್ರೀ ಸಾಹೇಬ್ರ," ಎಂದ. ಹನ್ನೊಂದು ಮೊಬೈಲಿನ ಸುದ್ದಿ ಎತ್ತಲಿಲ್ಲ.

ಹಲಗೆ ಒರೆಸಿದ, ದೀಪ ಆರಿಸಿದ. ಅಂಕಿ ಇಳಿಯುತ್ತಲೇ ಇತ್ತು. ನೀರು ತರಲು ಹೋಗಿ ಬರುವಷ್ಟರಲ್ಲಿ ರೇವಪ್ಪಜ್ಜ ಹಲಗೆಯ ಮೇಲೆ ತನ್ನ ಕಂಬಳಿ ಹೊದಿಸಿ ಕೂತಿದ್ದ.

"ಥಂಡಿ ಹತ್ತೇತ್ಲೇ ಅದಕ್ಕ!"

ಅಂಕಿ ಹತ್ತೊಂಬತ್ತಕ್ಕೆ ಬಂದು ಕ್ಯಾಮೆರಾ ಕಣ್ಣು ಮುಚ್ಚಿತು. ಕೂಡಲೇ ಪ್ರಥಮೇಶರ ಫೋನು: "ಏನೂ ಕಾಣವಲ್ದು. ಮೂರಕ್ಕ ಬರ್ತೀನಿ."

ಶಿವಯೋಗೆಪ್ಪ ಎಲ್ಲ ವೈರು ಕಿತ್ತೆಸೆದ. "ನಡೀರಿ ಎಲ್ಲಾರೂ! ನಿಮ್ ಸಂಬಂಧ ನನ್ನ ನೌಕರಿ ಹೋಗ್ತೈತಿ!"

ತಾರವ್ವ ಚಾರ್ಜಾಗದ ಮೊಬೈಲನ್ನು ಸೆರಗಿಗೆ ಕಟ್ಟಿಕೊಂಡಳು. "ನಿನ್ನೀತನಕ ಮಂದಿ ಬೇಕಾಗಿತ್ತು. ಇವತ್ತ ಬ್ಯಾಟ್ರಿ ಹೆಚ್ಚಾತೇನಣ್ಣಾ?" ಎಂದು ತಿರುಗಿ ನೋಡದೆ ಹೋದಳು. ಉಳಿದವರೂ ಹೋದರು.

ಮೂರಕ್ಕೆ ಪ್ರಥಮೇಶ ಬಂದು ಗಾಡಿಯ ಹೊಟ್ಟೆ ಬಿಚ್ಚಿದರು. ಶಿವಯೋಗೆಪ್ಪ ಕೈಮುಗಿದು ಮೊಬೈಲಿನ ಕತೆಯನ್ನೆಲ್ಲ ಒಪ್ಪಿಕೊಂಡ. ಸಾಹೇಬರು ನಕ್ಕರು.

"ಮೊಬೈಲ್ ಎಷ್ಟ್ ಕುಡೀತಾವ್ರೀ? ನಾಕು ಬ್ಯಾಟ್ರಿಯೊಳಗ ಎರಡು ಮೊದಲಿಂದನೂ ಸತ್ತಾವ. ಬಿಸಿಲಿತ್ತು, ಗೊತ್ತಾಗಿಲ್ಲ. ಮಂದಿ ಬಂದ್ರ ಬರ್ಲಿ ಬಿಡ್ರಿ, ಕಳ್ಳರಿಗೂ ಅಂಜಿಕಿ."

ಹೊಸ ಬ್ಯಾಟರಿ ಹಾಕಿ ಅವರು ಹೊರಟರು. ಅಂಕಿ ತೊಂಬತ್ತೆಂಟು. ಪೈಪು ಬಿಟ್ಟು ವಸ್ತಿಗೆ ಹೋಗುವಂತಿರಲಿಲ್ಲ. ಶಿವಯೋಗೆಪ್ಪ ಆತುರಾತುರವಾಗಿ ತಾರವ್ವನಿಗೆ ಫೋನ್ ಹಚ್ಚಿದ. ಸ್ವಿಚ್ ಆಫ್. ರೇವಪ್ಪಜ್ಜನದೂ ಅದೇ. ಹನ್ನೊಂದೂ ನಂಬರು ಮುಗಿದವು.

ಮತ್ತೆ ತಾರವ್ವನಿಗೇ ಹಚ್ಚಿ ಕಿವಿಗೆ ಒತ್ತಿ ಹಿಡಿದ. ಚಂದಾದಾರರು ಸ್ವಿಚ್ ಆಫ್ ಆಗಿದ್ದಾರೆಂದು ಒಬ್ಬ ಹೆಣ್ಣುಮಗಳು ಕನ್ನಡದಲ್ಲಿ ಹೇಳಿದಳು, ಆಮೇಲೆ ಇಂಗ್ಲಿಷಿನಲ್ಲಿ. ಅವನು ಕೊನೆಯ ತನಕ ಕೇಳಿಸಿಕೊಂಡ.

"ಆತ್ ಬಿಡವಾ," ಎಂದ.