ನಮ್ಮ ಪೈಕಿ ತತ್ತಿ

ಖಾನಾಪುರದ ಕ್ಯಾಥೊಲಿಕ್ ಹುಡುಗಿ ಎಂ.ಎ. ಓದಾಕ ಬೆಳಗಾವಿಗೆ ಬಂದು, ದಿನಾ ಲಿಂಗಪೂಜಿ ಮಾಡೋ ಅಜ್ಜಿ ಮನ್ಯಾಗ ಬಾಡಿಗಿಗೆ ಇದ್ದರ ಏನೇನ ಆಗಬೇಕೋ ಅವೆಲ್ಲಾ ನನಗ ಆಗ್ಯಾವ. ಒಂದು ಮುಗೀತಪಾ ಅಂತ ಉಸರ ಬಿಡೂದ್ರಾಗ ಇನ್ನೊಂದು ಬಾಗಲಾಗ ನಿಂತಿರತಿತ್ತು.

ಕರಾರು

ಬೆಳಗಾವಿಯ ಹಿಂದವಾಡ್ಯಾಗ ಬಾಡಿಗಿ ಖೋಲಿ ಕೇಳಾಕ ಹೋದಾಗ ಅಜ್ಜಿ ಕೇಳಿದ್ದು ಒಂದ ಮಾತು: "ಯಾವ ಪೈಕಿ ನೀವು?"

ಕ್ಯಾಥೊಲಿಕ್ ರೀ ಅಂದೆ. ನನ್ನ ಜೋಡಿ ಇರಾಕ ಬಂದಿದ್ದ ಗೆಳತಿ ಗೋಕಾಕ ಕಡೆ ಕುರಿ ಸಾಕೋ ಮನಿತನದಾಕಿ. ಅಜ್ಜಿ ನಮ್ಮಿಬ್ಬರನ್ನೂ ಮ್ಯಾಲಿಂದ ಕೆಳಗ ನೋಡಿ, ಖೋಲಿ ಕೊಡತೀನಿ, ಆದ್ರ ಮಾಂಸ ದೂರ ಉಳೀತು, ಒಂದು ಕೋಳಿ ತತ್ತಿ ಸೈತ ಹೊಸ್ತಲಾ ದಾಟಬಾರದು, ದಾಟಿದ ದಿನಾನ ಗಂಟು ಕಟ್ಟಬೇಕು ಅಂದ್ರು. ಹಾಸ್ಟೆಲ್‌ದಾಗ ಜಾಗಾ ಇರಲಿಲ್ಲ. ಈ ಖೋಲಿ ಹೋದ್ರ ಅಪ್ಪ ನನ್ನ ವಾಪಸ್ ಕರಕೊಂಡು ಹೋಗಾಂವ, ಎಂ.ಎ. ಅಲ್ಲಿಗೇ ಮುಗೀತು. ಹೂಂ ಅಂದೆ.

ಗೆಳತಿ ಮೆಲ್ಲಕ ಕೇಳಿದಳು, "ಹೊಟ್ಟ್ಯಾಗ ಇಟಗೊಂಡು ಬಂದ್ರ ನಡೀತೈತೇನ್ರೀ?"

ಹೊಟ್ಟಿಗೆ ನಂದು ಬೀಗ ಇಲ್ಲ ಬಿಡವಾ ಅಂದ್ರು ಅಜ್ಜಿ.

ಬೂದಿ ಬುಧವಾರ

ಈಸ್ಟರ್‌ಗೆ ಮುಂಚೆ ನಮ್ಮದು ತಪಸ್ಸಿನ ಕಾಲ. ಸುರು ಆಗೋ ದಿನ ಚರ್ಚಿನ್ಯಾಗ ಫಾದರ್ ಹಣಿಗೆ ಬೂದಿ ಹಚ್ಚತಾರ. ಅಲ್ಲಿಂದ ಸೀದಾ ಕ್ಲಾಸಿಗೆ ಹೋದೆ. ಸರ್ ಡಸ್ಟರ್ ನನ್ನ ಮುಂದ ಹಿಡದು, ಹಣಿಗೆ ಸುಣ್ಣ ಹತ್ತೇತಿ ನೋಡವಾ ಅಂದ್ರು.

ಸಂಜೀಕ ಅಜ್ಜಿ ನೋಡಿದ್ರು. ಅಕ್ಕಿ ಹಸನ ಮಾಡೋ ಮೊರ ಅಲ್ಲೇ ಬಿಟ್ಟು ಎದ್ದು ಬಂದ್ರು. ಹುಡುಗಿ ಈಬತ್ತಿ ಹಚ್ಚೊಂಡಾಳ ಅಂತ ಅವರ ಕಣ್ಣಾಗ ನೀರು. ನನಗ ಸುಳ್ಳು ಹೇಳಾಕ ಮನಸಾಗಲಿಲ್ಲ. ಇದು ಚರ್ಚಿಂದು ರೀ, ಮಣ್ಣಿಂದ ಬಂದಿ, ಮಣ್ಣಿಗೇ ಹೋಗ್ತಿ ಅಂತ ನೆನಪ ಮಾಡಾಕ ಹಚ್ಚತಾರ ಅಂದೆ. ಅಜ್ಜಿ ಭಾಳ ಹೊತ್ತು ನನ್ನ ಹಣಿ ನೋಡಿದ್ರು.

"ಮಾತು ನಮ್ಮ ಪೈಕೀದ ಐತಿ, ಹಚ್ಚೂದಷ್ಟ ಬರೂದಿಲ್ಲ. ಮೂರು ಬೆರಳಲೆ ಅಡ್ಡ ಹಚ್ಚರಿ ಅಂತ ನಿಮ್ಮ ಫಾದರಗ ಹೇಳ."

ಉಪಾಸ

ಈಸ್ಟರ್ ತನಕ ನಾ ಮಾಂಸ ಬಿಟ್ಟೆ. ಮಟನ್ ಅಂದ್ರ ಜೀವ ಬಿಡೋ ಗೆಳತಿ, ನಿನ್ನ ಜೋಡಿ ನಾನೂ ಬಿಡತೀನಿ ಅಂದಳು. ಪಾಪ, ಭಾನುವಾರ ಕ್ಲಾಸಿನವರೆಲ್ಲಾ ಮಟನ್ ಖಾನಾವಳಿಗೆ ಹೋದ್ರ ಈಕಿ ಮೂಗು ಮುಚ್ಚಿಕೊಂಡು ಮಸರನ್ನ ಉಣ್ಣಾಕಿ. ಈಸ್ಟರ್ ಹತ್ರ ಬಂದಾಗ ಒಂದಿನ ನನ್ನ ಜೋಡಿ ಚರ್ಚಿಗೆ ಬಂದಳು. ಆಕಿ ಮಾರಿ ನೋಡಿ ಫಾದರಗ ಕರುಳು ಚುರ್ ಅಂತು. ಭಾನುವಾರ ಉಪಾಸದ ಲೆಕ್ಕಕ್ಕ ಬರೂದಿಲ್ಲವಾ, ಆವತ್ತ ತಿಂದ್ರ ದೋಷ ಇಲ್ಲ ಅಂದ್ರು.

ಮನಿ ಮುಟ್ಟೂ ತನಕ ಆಕಿ ಬೆರಳು ಮಡಚಿ ಭಾನುವಾರ ಎಣಿಸಿದಳು. ಗೇಟಿನ್ಯಾಗ ನಿಂತಳು.

"ನಾ ನಿಮ್ಮಾಕಿ ಅಲ್ಲ, ಆದ್ರೂ ಇಷ್ಟೂ ಭಾನುವಾರ ನಿಮ್ಮ ದೇವರಿಗೆ ಹೆಚ್ಚಿಗಿ ಕೊಟ್ಟೀನಿ. ಪರೀಕ್ಷಾದಾಗ ನೋಡ್ಕೋ ಅಂತ ಹೇಳ ಅವಂಗ."

ತತ್ತಿ

ಈಸ್ಟರ್ ಮುಗಿಸಿಕೊಂಡು ಊರಿಂದ ಬಂದೆ. ಪರೀಕ್ಷಾಕ್ಕ ಒಂದು ವಾರ. ಅವ್ವ ಡಬ್ಬಿ ಕೊಟ್ಟಿದ್ದಳು. ಗೋಡಂಬಿ ಅರದು, ಸಕ್ಕರಿ ಪಾಕದಾಗ ತಿರುವಿ, ಅಚ್ಚಿಗೆ ಹಾಕಿದ ಸಿಹಿ ಅದು. ಈಸ್ಟರ್‌ಗೆ ನಮ್ಮ ಕಡೆ ಅದನ್ನ ತತ್ತಿ ಆಕಾರದಾಗನ ಮಾಡಿ, ಮ್ಯಾಲೆ ಬಿಳೀ ಸಕ್ಕರಿ ಬಳದು ಸಿಪ್ಪಿಗತೆ ಗಟ್ಟಿ ಮಾಡತಾರ.

ಗೆಳತಿ ಡಬ್ಬಿ ತಗದಾಗ ಅಜ್ಜಿ ಬಾಗಲಾಗ ಬಂದ್ರು. ನೋಡಿದವರ ಗ್ವಾಡಿ ಹಿಡಕೊಂಡ್ರು. ಗಂಟು ಕಟ್ರಿ ಅಂದ್ರು. ಸಕ್ಕರೀದು ರೀ ಅಂದೆ, ನಂಬಲಿಲ್ಲ. ತೋರಸ್ತೀನಿ ತಡೀರಿ ಅಂತ ಗೆಳತಿ ಒಂದನ್ನ ಇಡೀದ ಬಾಯಾಗ ಹಾಕಿಕೊಂಡು ಕಟಂ ಅಂತ ಕಡದಳು. ಕೆಲಸ ಪೂರಾ ಕೆಟ್ಟಿತು. ಹಸೀ ತತ್ತಿ, ಅದೂ ಸಿಪ್ಪಿ ಸಮೇತ ತಿನ್ನಾಕ ಹತ್ತ್ಯಾಳ ಅಂತ ಅಜ್ಜಿ ಕಿವಿ ಮುಚ್ಚಿಕೊಂಡ್ರು.

ನನಗ ಅಳು ತಡಕೊಳ್ಳಾಕ ಆಗಲಿಲ್ಲ. "ಅಜ್ಜಿ, ನಾ ನಿಮಗ ಎಂದರ ಸುಳ್ಳು ಹೇಳೇನೇನ್ರೀ?"

ಅಜ್ಜಿ ಕಿವಿ ಮ್ಯಾಲಿನ ಕೈ ತಗದ್ರು. ಆ ಬೂದಿ ದಿನ ನೆನಪಾಗಿರಬೇಕು, ಮತ್ತ ನನ್ನ ಹಣೀನ ನೋಡಿದ್ರು. ಆಮ್ಯಾಲೆ ಕಣ್ಣು ಮುಚ್ಚಿ, ಬಸವಣ್ಣಾ ಅಂತಂದು, ಒಂದು ಚೂರು ಬಾಯಾಗ ಇಟಗೊಂಡ್ರು. ಅಗದ್ರು. ಒಂದು ಕಣ್ಣು ತಗದ್ರು. ನಿಮ್ಮವ್ವ ಯಾಲಕ್ಕಿ ಕಡಿಮಿ ಹಾಕ್ಯಾಳ ಅಂತ ಹೇಳಿ ಇನ್ನೊಂದು ತಗೊಂಡ್ರು. ಖೋಲಿ ಉಳೀತು.

ಮುಂದಿನ ಸೋಮವಾರ ನಾ ಪರೀಕ್ಷಾಕ್ಕ ಹೊಂಟಾಗ ಭಿಕ್ಷಾಕ್ಕ ಬರೋ ಸ್ವಾಮಿಗಳು ಬಾಗಲಾಗ ನಿಂತಿದ್ರು. ಅಜ್ಜಿ ಜೋಳಿಗ್ಯಾಗ ಹಿಟ್ಟು ಹಾಕಿ, ಅದರ ಮ್ಯಾಲೆ ಒಂದು ತತ್ತಿ ಇಟ್ಟರು. ಸ್ವಾಮಿಗಳು ಜೋಳಿಗಿ ಕೊಡವಿ ಹಿಂದ ಸರದ್ರು.

"ಅಂಜಬ್ಯಾಡ್ರಿ ಸ್ವಾಮ್ಯಾರ," ಅಂದ್ರು ಅಜ್ಜಿ, "ಇದು ನಮ್ಮ ಪೈಕಿ ತತ್ತಿ."