ಮಲ್ಲಿಗೆ ಗಿಡಕ್ಕೆ ಸ್ಟ್ರಾಂಗ್ ಚಹಾ

ನಾನು ಮೂವತ್ತು ವರ್ಷ ಗಣಿತ ಕಲಿಸಿದವನು. ಒಂದು ಬಕೆಟ್ ನೀರಿಗೆ ಎರಡು ಚಮಚ ಬೆಲ್ಲವಾದರೆ ಒಂದು ಡ್ರಮ್ಮಿಗೆ ಎಷ್ಟು ಎಂಬ ಲೆಕ್ಕ ನನಗೆ ತಪ್ಪುವ ಪ್ರಶ್ನೆಯೇ ಇರಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು. ಮಾಸ್ತರು ತಪ್ಪಿದರು!

ಮುಟ್ಟಳ್ಳಿಯ ನಮ್ಮ ಅಂಗಳದಲ್ಲಿ ಹನ್ನೆರಡು ಮಲ್ಲಿಗೆ ಗಿಡಗಳಿವೆ. ಅವು ನನ್ನ ಹೆಂಡತಿ ನಾಗವೇಣಿಯವು. ಅವುಗಳ ಪಕ್ಕ ಕುರ್ಚಿ ಹಾಕಿ ಕೂರುವ ಹಕ್ಕಷ್ಟೇ ನನ್ನದು. ದಿನವೂ ಅವಳು ಮೀನು ತೊಳೆದ ನೀರನ್ನು ಅವುಗಳ ಬುಡಕ್ಕೆ ಹೊಯ್ಯುತ್ತಾಳೆ. ನಿವೃತ್ತನಾಗಿ, ಮೊಬೈಲಿನಲ್ಲಿ ಕೃಷಿ ವಿಡಿಯೋ ನೋಡಿ ಜ್ಞಾನಿಯಾಗಿದ್ದ ನನಗೆ ಇದು ತೀರಾ ಅವೈಜ್ಞಾನಿಕವೆನಿಸಿತು. ವಿಡಿಯೋದವರು ಹೇಳಿದ್ದು ಎರೆಗೊಬ್ಬರದ ಚಹಾ. ಗೊಬ್ಬರವನ್ನು ಬಟ್ಟೆಯಲ್ಲಿ ಕಟ್ಟಿ ನೀರಿಗೆ ಇಳಿಬಿಟ್ಟು, ಚೂರು ಬೆಲ್ಲ ಹಾಕಿ, ಒಂದು ದಿನ ಗಾಳಿ ಊದಬೇಕು. ಒಳ್ಳೆಯ ಸೂಕ್ಷ್ಮಜೀವಿಗಳು ಹೆಚ್ಚುತ್ತವೆ. ತೆಳು ಮಾಡಿ ಬುಡಕ್ಕೆ ಹಾಕಿದರೆ ಮಣ್ಣು ಚೇತರಿಸಿಕೊಳ್ಳುತ್ತದೆ.

ಪಕ್ಕದ ಮನೆಯ ಲಲಿತಕ್ಕನ ಮಗಳು ಸವಿತಳ ಮದುವೆ ಆ ಭಾನುವಾರವೇ ಇತ್ತು. ಮದುಮಗಳ ತಲೆಗೆ ನಮ್ಮ ಗಿಡದ್ದೇ ಮಲ್ಲಿಗೆ ದಂಡೆ ಎಂದು ನಾಗವೇಣಿ ಮಾತು ಕೊಟ್ಟಿದ್ದಳು. ಒಂದನೇ ಕ್ಲಾಸಿನಿಂದ ಆ ಹುಡುಗಿ ಶಾಲೆಗೆ ಮುಡಿದು ಹೋದದ್ದೂ ಈ ಗಿಡಗಳ ಹೂವನ್ನೇ.

"ಮದುವೆ ಮುಗೀಲಿ. ಆಮೇಲೆ ನಿಮ್ಮ ಹುಳದ ಚಾ ಎಂತ ಬೇಕಾರೂ ಮಾಡ್ಕಳಿ" ಎಂದಳು ನಾಗವೇಣಿ.

"ಒಂದು ದಂಡೆಯ ಹೂವು ಎರಡು ದಂಡೆಯಾಗ್ತದೆ, ನೋಡ್ತಾ ಇರು!" ಎಂದೆ.

ಶುಕ್ರವಾರ ಬೆಳಿಗ್ಗೆ ಡ್ರಮ್ ತುಂಬಿಸಿದೆ. ಗೊಬ್ಬರ ಕಟ್ಟಲು ಹಳೆಯ ಪಂಚೆಯೊಂದನ್ನು ಹರಿದೆ. ಅದು ಮದುವೆಗೆಂದು ತೆಗೆದಿಟ್ಟ ಹೊಸ ಪಂಚೆ ಎಂದು ಹರಿದ ಮೇಲೆ ಗೊತ್ತಾಯಿತು. ಇರಲಿ, ವಿಜ್ಞಾನಕ್ಕೆ ತ್ಯಾಗ ಬೇಕು! ಗಾಳಿ ಊದಲು ಅಟ್ಟದ ಮೇಲಿದ್ದ ಮೀನಿನ ತೊಟ್ಟಿಯ ಪಂಪು ಸಿಕ್ಕಿತು. ಇನ್ನು ಬೆಲ್ಲ. ಮನೆಯಲ್ಲಿದ್ದದ್ದು ಮಿರ್ಜಾನದ ತಂಗಿ ದೋಸೆಗೆಂದು ಕಳಿಸಿದ ಒಂದು ಡಬ್ಬಿ ಜೋನಿ ಬೆಲ್ಲ, ಪಾಕದಂತೆ ಸುರಿಯುವಂಥದ್ದು. ಹತ್ತು ಬಕೆಟ್ ನೀರಿಗೆ ಇಪ್ಪತ್ತು ಚಮಚ. ಆದರೆ ಇಷ್ಟು ವರ್ಷ ಬರೀ ಮೀನು ನೀರು ಕುಡಿದು ಹಿಂದುಳಿದ ಗಿಡಗಳಲ್ಲವೇ? ಗ್ರೇಸ್ ಮಾರ್ಕ್ಸ್ ಕೊಟ್ಟೆ. ಡಬ್ಬಿಯನ್ನೇ ಬೋರಲು ಹಾಕಿದೆ.

ಶನಿವಾರ ಬೆಳಿಗ್ಗೆ ನೊರೆ ಡ್ರಮ್ ಬಿಟ್ಟು ಮೆಟ್ಟಿಲ ತನಕ ಬಂದಿತ್ತು. ನಾಗವೇಣಿ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಎಂತ ಮಾರಾಯ್ರೆ ಇದು, ಗಟಾರದ ವಾಸನೆ!"

"ಅದು ಸೂಕ್ಷ್ಮಜೀವಿಗಳ ವಾಸನೆ."

"ಸತ್ತಿದ್ವಾ?"

ಅವಳು ಮದುವೆ ಮನೆಯ ಕೆಲಸಕ್ಕೆ ಹೋದಳು. ಸಂಜೆ ನಾನು ಔಷಧಿ ಹೊಡೆಯುವ ಪಂಪನ್ನು ಬೆನ್ನಿಗೇರಿಸಿದೆ. ಎಲೆಗೂ ಸಿಂಪಡಿಸಬಹುದು ಎಂದು ವಿಡಿಯೋದವರು ಹೇಳಿದ್ದರಲ್ಲ! ತೆಳು ಮಾಡಿದರೆ ಸತ್ವ ಎಲ್ಲಿ ಉಳಿಯುತ್ತದೆ ಎಂದುಕೊಂಡು ಹಾಗೆಯೇ ಹೊಡೆದೆ. ಬುಡ, ಎಲೆ, ಮೊಗ್ಗು, ಯಾವುದನ್ನೂ ಬಿಡಲಿಲ್ಲ. ಬಾವಿಕಟ್ಟೆಯ ಬದಿಯ ಹನ್ನೆರಡನೇ ಗಿಡಕ್ಕೆ ಬರುವಷ್ಟರಲ್ಲಿ ಪಂಪಿನ ಮೂತಿ ಕಟ್ಟಿಕೊಂಡಿತು. ಪಾಪ, ಅದೊಂದಕ್ಕೆ ಭಾಗ್ಯವಿಲ್ಲ ಎಂದು ಮರುಗಿದೆ.

ಭಾನುವಾರ ಬೆಳಗಾಗುತ್ತಲೇ ಅಂಗಳದಿಂದ "ಅಯ್ಯೋ!" ಎಂಬ ಕೂಗು ಕೇಳಿಸಿತು. ಓಡಿದೆ. ಹಾಲು ಬಿಳುಪಿನ ಮೊಗ್ಗುಗಳೆಲ್ಲ ಕಾಫಿ ಬಣ್ಣಕ್ಕೆ ತಿರುಗಿ ಅಂಟಂಟಾಗಿದ್ದವು. ಅವುಗಳ ಮೇಲೆ ಊರಿನ ಕೆಂಪಿರುವೆಗಳೆಲ್ಲ ಕುಟುಂಬ ಸಮೇತ ದಯಮಾಡಿಸಿದ್ದವು. ನಾಗವೇಣಿ ಕೈ ಕೊಡವುತ್ತ ಕುಣಿಯುತ್ತಿದ್ದಳು. ಅಷ್ಟರಲ್ಲಿ ಹೂ ಕಟ್ಟಲು ಬಾಳೆನಾರು ಹಿಡಿದು ಲಲಿತಕ್ಕ ಬಂದಳು.

"ಎಂತ ಮಾಸ್ತ್ರೇ, ಮೊಗ್ಗಿಗೂ ಅರಿಶಿಣ ಹಚ್ಚಿದ್ರಾ?"

ನಾಗವೇಣಿ ಬೈಯಲಿಲ್ಲ. ಸುಮ್ಮನೆ ಗಿಡ ನೋಡುತ್ತ ನಿಂತಳು. ಕಣ್ಣು ತುಂಬಿತ್ತು. ಬೈದಿದ್ದರೆ ವಾದ ಮಾಡುತ್ತಿದ್ದೆ. ಈಗ ನಿಜವಾಗಿಯೂ ನಾಚಿಕೆಯಾಯಿತು. ಸ್ಕೂಟರ್ ತೆಗೆದು ಭಟ್ಕಳ ಪೇಟೆಗೆ ಓಡಿದೆ. ಮಲ್ಲಿಗೆಯ ಊರು ಮುಟ್ಟಳ್ಳಿಯವನು ಮಲ್ಲಿಗೆ ಕೊಳ್ಳುವುದೆಂದರೆ ಮೀನು ಬಂದರಿನ ತದಡಿಯವನು ಕುಮಟೆಗೆ ಹೋಗಿ ಮೀನು ಕೊಂಡ ಹಾಗೆ!

"ನಿಮ್ಮನೇಲೇ ಹೂ ಇತ್ತಲ್ಲ ಮಾಸ್ತ್ರೇ?" ಎಂದಳು ಹೂವಿನವಳು.

"ಇತ್ತು" ಎಂದೆ.

ಮರಳಿ ಬಂದಾಗ ನಾಗವೇಣಿ ಆ ಭಾಗ್ಯವಿಲ್ಲದ ಹನ್ನೆರಡನೇ ಗಿಡದ ಮೊಗ್ಗು ಬಿಡಿಸಿ ಎರಡು ಗೇಣಿನ ದಂಡೆ ಕಟ್ಟಿದ್ದಳು. ಸವಿತ ಅದನ್ನೇ ಎತ್ತಿಕೊಂಡು, "ನಂಗೆ ಇದು ಸಾಕು ಚಿಕ್ಕಮ್ಮ. ಮಾಸ್ತರ್ ತಂದಿದ್ದು ನೆಂಟ್ರು ಮುಡೀಲಿ" ಎಂದಳು. ನಾಗವೇಣಿಯ ಮುಖ ಅರಳಿತು. ನಾನು ಹಳೆಯ ಪ್ಯಾಂಟಿನಲ್ಲೇ ಮದುವೆ ಊಟ ಮಾಡಿದೆ.

ಮರುದಿನ ನಾಗವೇಣಿ ನನ್ನಿಂದಲೇ ಪ್ರತಿ ಎಲೆಯನ್ನೂ ತೊಳೆಸಿದಳು. ಡ್ರಮ್ಮನ್ನು ದೂರದ ತೆಂಗಿನ ಬುಡಕ್ಕೆ ಬೋರಲು ಹಾಕಿಸಿದಳು. ಮೀನು ನೀರು ಹೊತ್ತು ಹಾಕುವ ಕೆಲಸವೂ ನನಗೇ ಬಂತು. ಒಂದೂವರೆ ತಿಂಗಳಲ್ಲಿ ಗಿಡಗಳು ಕಂಡು ಕೇಳರಿಯದಷ್ಟು ಮೊಗ್ಗು ಬಿಟ್ಟವು. ಲಲಿತಕ್ಕ ಬಂದವಳು ಬೆರಗಾಗಿ, "ಎಂತ ಹಾಕ್ದೆ ನಾಗವೇಣಿ ಇದ್ಕೆ?" ಎಂದು ಕೇಳಿದಳು.

ಮೀನು ನೀರಿನ ಬಕೆಟ್ ಕೆಳಗಿಟ್ಟು, ಹೊರುವವನ ಹೆಸರೂ ಬರಬಹುದೆಂದು ಗಂಟಲು ಸರಿಮಾಡಿಕೊಂಡೆ.

"ಅದೇ ಹುಳದ ಚಾ ಅಕ್ಕ, ನಾನೇ ಮಾಡಿ ಹಾಕಿದ್ದು" ಎಂದಳು ನಾಗವೇಣಿ. "ಒಂದು ಬಕೆಟಿಗೆ ಎರಡು ಚಮಚ ಬೆಲ್ಲ, ಮತ್ತೆ ತೆಳು ಮಾಡಿ ಬುಡಕ್ಕೆ ಹಾಕೂದು. ಇವ್ರ ಕೈಗೆ ಸಿಗದ ಹಾಂಗೆ ಮಾಡ್ಬೇಕು, ಅಷ್ಟೇ!"