ಗಾಳಿಯಿಲ್ಲದ ಸೈಕಲ್ಲು ತಳ್ಳಿದ ಮಾವ

೧೯೫೬ರಲ್ಲಿ ನಾನು ಓದು ಬಿಟ್ಟೆ. ಮೇಷ್ಟರು ಕಲಿಸಿದ್ದು ಲೋವರ್ ಸೆಕೆಂಡರಿಗೇ ಮುಗಿಯಿತು; ಮಿಕ್ಕದ್ದನ್ನು ಕಲಿಸಿದವನು ನಮ್ಮ ಸೋದರಮಾವ. ಅವನಷ್ಟು ಬುದ್ಧಿವಂತ ಹುಚ್ಚ ಹಳೇಕೋಟೆ ಹೋಬಳಿಯಲ್ಲಿ ಇನ್ನೊಬ್ಬನಿಲ್ಲ!

ಹೊಸ ವ್ಯಾಪಾರ ಹೂಡುವವರು ಮೊದಲು ಮಾವನನ್ನು ಕೇಳುತ್ತಿದ್ದರು. ಅವನು ಜಾತಕ ನೋಡುತ್ತಿರಲಿಲ್ಲ; ತಾನೇ ಗಿರಾಕಿಯಾಗಿ ಕಷ್ಟಪಟ್ಟು ನೋಡುತ್ತಿದ್ದ. ಚನ್ನರಾಯಪಟ್ಟಣದಲ್ಲಿ ನೆಂಟರೊಬ್ಬರು ಹೋಟೆಲ್ ಇಡುತ್ತೇನೆಂದಾಗ ಏನು ಮಾಡಿದ ಗೊತ್ತೆ? ಸಂತೆಯ ದಿನ ಉಪವಾಸವಿದ್ದು, ಹೋಟೆಲಿಗೆಂದು ಗೊತ್ತುಮಾಡಿದ ಜಾಗಕ್ಕೇ ಹೋಗಿ ಕೂತ! ಸಂತೆಗೆ ಬಂದವರು ಅಯ್ಯೋ ಪಾಪವೆಂದು ಬುತ್ತಿ ಬಿಚ್ಚಿ ಮುದ್ದೆ ತಿನ್ನಿಸಿದರು.

“ಇಲ್ಲಿ ಓಟ್ಲು ನಡೆಯಾಕಿಲ್ಲ ಕಣ್ರಪ್ಪಾ, ಎಲ್ರೂ ಬುತ್ತಿ ತಂದವ್ರೆ!” ಎಂದು ತೇಗಿದ.

ಅರಕಲಗೂಡಿನಲ್ಲಿ ಕ್ಷೌರದಂಗಡಿಯ ಮಾತು ಬಂದಾಗ, ಅಲ್ಲಿದ್ದ ಒಬ್ಬನೇ ಕ್ಷೌರಿಕನ ಸರದಿ ಕಾಯುತ್ತಾ ಗಡ್ಡ ಬಿಟ್ಟ. ಅತ್ತೆ ಯಾರೋ ಸಾಧು ಬಂದನೆಂದು ರಾಗಿ ನೀಡಲು ಮೊರ ತಂದಳು. “ಅಂಗ್ಡಿ ನಡೀತದೆ ಬುಡು” ಎಂದ!

ಕೊನೆಗೆ ನನ್ನ ಸರದಿ. ಹಾಸನದ ಸೈಕಲ್ ಅಂಗಡಿಯಲ್ಲಿ ದುಡಿದು ನನ್ನ ಕೈ ಕಬ್ಬಿಣವಾಗಿತ್ತು. ಹೊಳೆನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಸ್ವಂತ ಅಂಗಡಿ ಇಡುವ ಹಟ ನನ್ನದು. ಬಂಡವಾಳಕ್ಕೆ ಅವ್ವ ಹಾಲು ಕರೆಯುವ ಎಮ್ಮೆಯನ್ನೇ ಮಾರಲು ಒಪ್ಪಿದಳು. ಷರತ್ತು ಒಂದೇ: ಮಾವ ಹೂಂ ಅನ್ನಬೇಕು.

ಮಾವನಿಗೆ ಸೈಕಲ್ ಹತ್ತಲು ಬಾರದು. ಆದರೇನು? ಒಂದು ಸೈಕಲ್ಲು ಇಸಕೊಂಡು, ಎರಡು ಚಕ್ರದ ಗಾಳಿಯನ್ನೂ ಬಿಟ್ಟು, ಸುಡುಬಿಸಿಲಲ್ಲಿ ತಳ್ಳುತ್ತಾ ಹೊರಟ!

“ಏನಣ್ಣೋ, ಸೈಕಲ್ಲಿಗೆ ಜರ ಬಂದದಾ?” ಎಂದು ಗಾಡಿಯವರು ನಕ್ಕರು.

ಮೂರನೆಯ ದಿನ ನಾನೂ ಅವನ ಹಿಂದೆ ಹೋದೆ. ಊರಾಚೆ, ಏರು ಮುಗಿಯುವ ಕವಲಿನಲ್ಲಿ, ಹೊಂಗೆ ಮರದ ಕೆಳಗೆ ಕುಸಿದು ಕೂತ.

“ಇಲ್ಲೇ ಕಣ್ಲಾ ಅಂಗಡಿ.”

“ಇಲ್ಲಿ ನರಪಿಳ್ಳೆ ಇಲ್ಲ ಮಾವ!”

“ನರಪಿಳ್ಳೆ ಯಾಕ್ಲಾ? ಪಂಚರ್ ಆದೋನು ಬತ್ತಾನೆ. ಮೊನ್ನೆ ಪ್ಯಾಟೆ ಕಡೆಯಿಂದ ತಳ್ದೆ, ನೆನ್ನೆ ಅರಕಲಗೂಡು ಕಡೆಯಿಂದ. ಎಲ್ಲಿಂದ ಬಂದ್ರೂ ಕಾಲು ಸೋಲಾದು ಇಲ್ಲೇಯ.”

ಆಗ ಅವನ ಅಂಗಾಲು ನೋಡಿದೆ. ಬೊಬ್ಬೆಗಳೆಲ್ಲ ಒಡೆದಿದ್ದವು.

“ಒಂದ್ಸಲ ತಳ್ಳಿದ್ರೆ ಸಾಲ್ತಿರಲಿಲ್ವಾ ಮಾವ?”

“ಬ್ಯಾರೆಯೋರ್ಗೆ ಒಂದ್ಸಲ ಸಾಕು ಕಣ್ಲಾ. ನಿಮ್ಮವ್ವಂಗೆ ಇರಾದು ಒಂದೇ ಎಮ್ಮೆ ಅಲ್ವಾ?”

ಈಗ ನನಗಿರುವುದು ಇಷ್ಟು: ಹೊಂಗೆ ಮರದ ಕೆಳಗೊಂದು ಅಂಗಡಿ, ಎರಡು ಪಂಪು, ಬಾಡಿಗೆಗೆ ಆರು ಸೈಕಲ್ಲು, ಕೊಟ್ಟಿಗೆಯಲ್ಲಿ ಎರಡು ಎಮ್ಮೆ. ಮಾವ, ಒಬ್ಬ.